ಸಹಾಯ ಬೇಕು: ಜಾತ್ರೆಯ ಗದ್ದಲದಲ್ಲಿ ಫ್ರೇಮ್ ಕೂರಿಸುವುದು ಹೇಗೆ?

ನಮಸ್ಕಾರ, ವಿಜಯಪುರದಿಂದ ಬರೆಯುತ್ತಿದ್ದೇನೆ. ಪೋಸ್ ಕೊಡಿಸದೆ, ಜನ ಇದ್ದ ಹಾಗೇ ಫೋಟೋ ತೆಗೆಯುವುದು ನನಗೆ ತುಂಬಾ ಇಷ್ಟ. ಆದರೆ ಫ್ರೇಮ್, ಅಂದರೆ ಫೋಟೋದ ಚೌಕಟ್ಟಿನೊಳಗೆ ಏನು ಎಲ್ಲಿರಬೇಕು ಅನ್ನುವುದು ಮಾತ್ರ ಕೈಗೆ ಹತ್ತುತ್ತಿಲ್ಲ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಒಬ್ಬ ಅಜ್ಜ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಂದಿಧ್ವಜ ತೋರಿಸುತ್ತಿದ್ದರು. ಮಗುವಿನ ಮುಷ್ಟಿಯಲ್ಲಿ ಅರ್ಧ ತಿಂದ ಬತ್ತಾಸು, ಕಣ್ಣು ಇಷ್ಟಗಲ. ಟಕ್ಕನೆ ಒತ್ತಿದೆ. ಮನೆಗೆ ಬಂದು ನೋಡಿದರೆ ಅಜ್ಜನ ತಲೆಯಿಂದಲೇ ಕರೆಂಟ್ ಕಂಬ ಎದ್ದ ಹಾಗಿದೆ. ಮಗುವಿನ ಚಾಚಿದ ಕೈ ಅಂಚಿನಲ್ಲಿ ಕತ್ತರಿಸಿ ಹೋಗಿದೆ. ಆ ಗಳಿಗೆ ಮತ್ತೆ ಸಿಗಲ್ಲ ಅಲ್ವಾ? ಇನ್ನೂ ಹೊಟ್ಟೆ ಉರಿಯುತ್ತದೆ.

ನನ್ನದು ಕ್ರಾಪ್ ಸೆನ್ಸರ್ (ಸ್ವಲ್ಪ ಚಿಕ್ಕ ಸೆನ್ಸರಿನ) ಕ್ಯಾಮೆರಾ, 35 ಮಿ.ಮೀ. ಲೆನ್ಸ್. ಲೆನ್ಸಿನ ಕಿಂಡಿ ಎಫ್/8, ಶಟರ್ 1/500 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋ, ಫೋಕಸ್ ಮೊದಲೇ 3 ಮೀಟರಿಗೆ. ಇದರಿಂದ ಮಸುಕಾಗುವುದು ನಿಂತಿತು. ಫ್ರೇಮ್ ಹೊಂದಿಸಲು ಪರದೆಯ ಮೇಲೆ ಗೆರೆ ತೋರಿಸುವ ಗ್ರಿಡ್ ಕೂಡ ಆನ್ ಇದೆ. ಗೋಳಗುಮ್ಮಟದ ಮುಂದೆ ನಿಧಾನಕ್ಕೆ ತೆಗೆಯುವಾಗ ಅದು ನೆನಪಿರುತ್ತದೆ. ಜನ ಕಂಡ ಕೂಡಲೇ ಕಣ್ಣು ಮುಖಕ್ಕೇ ಅಂಟಿಕೊಳ್ಳುತ್ತದೆ, ನಾಲ್ಕು ಅಂಚೂ ಮರೆತುಹೋಗುತ್ತವೆ. ಮುಂದಿನ ಫೋಟೋಗಳಿಗೆ ಎರಡು ಹೆಜ್ಜೆ ಹಿಂದೆ ನಿಂತು, ಆಮೇಲೆ ಕ್ರಾಪ್ ಮಾಡಿಯೂ (ಅಂಚು ಕತ್ತರಿಸಿಯೂ) ನೋಡಿದೆ. ಕೈಕಾಲು ಉಳಿದವು, ಹಿಂದಿನ ಕಂಬಗಳು ಹೋಗಲಿಲ್ಲ.

ಮೊದಲು ಹಿನ್ನೆಲೆ ಆರಿಸಿ, ಜನ ಒಳಗೆ ಬರುವವರೆಗೆ ಕಾಯಿರಿ ಅಂತ ಒಬ್ಬರು ಹೇಳಿದರು. ಇಬ್ರಾಹಿಂ ರೋಜಾದ ಕಮಾನಿನ ಹತ್ತಿರ ಒಂದು ತಾಸು ಕಾದೆ. ಫ್ರೇಮ್ ಚೆಂದ ಬಂತು, ಜೀವ ಬರಲಿಲ್ಲ.

ನನ್ನ ಗೊಂದಲ ಇಷ್ಟೇ. ಅಜ್ಜ-ಮೊಮ್ಮಗಳಂಥ ದೃಶ್ಯ ಎರಡೇ ಸೆಕೆಂಡ್ ಇರುವಾಗ, ಬಟನ್ ಒತ್ತುವ ಮೊದಲು ನೀವು ಏನನ್ನು ನೋಡುತ್ತೀರಿ, ಹಿನ್ನೆಲೆಯನ್ನೋ ಅಂಚನ್ನೋ? ಅದು ರೂಢಿಯಾಗಲು ದಿನಾ ಯಾವ ಅಭ್ಯಾಸ ಮಾಡಿದಿರಿ?