ಗೆಣ್ಣು ನೋವಿಗೆ ಬೆಳಕಿನ ನ್ಯಾನೋ ಔಷಧಿ ಬಂದಿದೆಯಾ?

ಪ್ರಶ್ನೆ (ವಿರಾಜಪೇಟೆ ಕಡೆಯಿಂದ): ನಮಸ್ಕಾರ ಮೇಡಂ. ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳಲ್ಲಿ ಉರಿಯೂತ ಬರುವ ಕಾಯಿಲೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ತಾರೆ. ಆದರೂ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟೋಕಾಗಲ್ಲ. ಈ ಸಲ ಕಾಫಿ ಕೊಯ್ಲಿಗೆ ತೋಟಕ್ಕೇ ಇಳಿಯಲಿಲ್ಲ. ಬೆಳಕು ಹಾಯಿಸಿದರೆ ಕೆಲಸ ಮಾಡುವ ನ್ಯಾನೋ (ಅತಿ ಸೂಕ್ಷ್ಮ ಕಣಗಳ) ಔಷಧಿಯಿಂದ ಉರಿಯೂತ ಪೂರ್ತಿ ಹೋಗುತ್ತೆ ಅಂತ ಒಂದು ವಿಡಿಯೋ ನೋಡಿದೆವು. ಅದೇ ಇದು ಅಂತ ಒಬ್ಬರು ಕೆಂಪು ಬೆಳಕಿನ ಬೆಲ್ಟ್ ಮಾರೋಕೆ ಮನೆಗೇ ಬಂದಿದ್ದರು. ತಗೊಳ್ಳಬಹುದಾ? ಮಾತ್ರೆ ನಿಲ್ಲಿಸಬಹುದಾ?

ಉತ್ತರ (ಕೀಲುರೋಗ ವೈದ್ಯೆ): ಮೊದಲು ಮಾತ್ರೆ ವಿಷಯ. ನಿಲ್ಲಿಸಬೇಡಿ. ಇನ್ನು ಬೆಲ್ಟ್. ಅದರಲ್ಲಿ ಬರೀ ಬೆಳಕಿದೆ, ಔಷಧಿ ಎಲ್ಲಿದೆ? ಕೆಲವರಿಗೆ ಸ್ವಲ್ಪ ದಿನ ನೋವು ಕಡಿಮೆ ಅನಿಸಬಹುದು, ಅಷ್ಟೇ. ಕೀಲು ಹಾಳಾಗುವುದು ಅದರಿಂದ ನಿಲ್ಲಲ್ಲ.

ವಿಡಿಯೋದಲ್ಲಿದ್ದ ವಿಷಯ ಮಾತ್ರ ಸುಳ್ಳಲ್ಲ. ಉರಿಯೂತ ಇರುವ ಕಡೆ ಸಣ್ಣ ರಕ್ತನಾಳಗಳು ಸೋರುತ್ತವೆ. 100 ನ್ಯಾನೋಮೀಟರ್ ಆಸುಪಾಸಿನ ಕಣಗಳನ್ನು ರಕ್ತಕ್ಕೆ ಏರಿಸಿದರೆ ಅಲ್ಲಿ ಹೊರಗೆ ಬಂದು ಜಾಸ್ತಿ ಸೇರಿಕೊಳ್ಳುತ್ತವೆ. ಆಮೇಲೆ ಆ ಗೆಣ್ಣಿಗಷ್ಟೇ ಬೆಳಕು ಬಿಡುತ್ತಾರೆ. ಚಿನ್ನದ ಕಣವಾದರೆ ಬಿಸಿಯಾಗಿ, ಹೊತ್ತು ತಂದ ಔಷಧಿಯನ್ನು ಬಿಡುತ್ತದೆ. ಬೆಳಕು ಹೀರುವ ಬಣ್ಣ ತುಂಬಿದ ಕಣವಾದರೆ ಅಲ್ಲಿನ ಆಮ್ಲಜನಕವನ್ನು ಕೆರಳಿಸಿ, ಊತ ಹೆಚ್ಚಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಅಮ್ಮ ತಗೊಳ್ಳುವ ಮೆಥೊಟ್ರೆಕ್ಸೇಟನ್ನೇ ಚಿನ್ನದ ಕಣದ ಜೊತೆ ಸೇರಿಸಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾರೆ, ಊತ ಇಳಿದಿದೆ. ಆದರೆ ಇಲಿಯ ಪಾದವೇ ಬೇರೆ, ಅಮ್ಮನ ಕೈಯೇ ಬೇರೆ. ಕೀಲಿಗೆ ಇದನ್ನು ಆಸ್ಪತ್ರೆಯಲ್ಲಿ ಕೊಡುವ ಕಾಲ ಇನ್ನೂ ಬಂದಿಲ್ಲ.

ಮಡಿಕೇರಿಯಿಂದ ಇನ್ನೊಬ್ಬರು: ನಮ್ಮ ಚಿಕ್ಕಪ್ಪನಿಗೆ ಕೈಗೆ ಔಷಧಿ ಏರಿಸಿ ಕಣ್ಣಿಗೆ ಲೇಸರ್ ಬಿಟ್ಟಿದ್ದರು. ಅದೂ ಇದೇ ಅಲ್ವಾ ಮೇಡಂ? ಕಣ್ಣಿಗೆ ಆಗೋದು ಕೈಗೆ ಯಾಕಾಗಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಅದು ವರ್ಟೆಪೋರ್ಫಿನ್ ಇರಬೇಕು. ಕೊಬ್ಬಿನ ಪುಟ್ಟ ಗುಳ್ಳೆಗಳೊಳಗೆ ತುಂಬಿದ, ಬೆಳಕು ಬಿದ್ದರೆ ಕೆಲಸ ಮಾಡುವ ಔಷಧಿ. ಅಮೆರಿಕದಲ್ಲಿ 2000ರಲ್ಲೇ ಒಪ್ಪಿಗೆ ಸಿಕ್ಕಿತು. 689 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರನ್ನು 83 ಸೆಕೆಂಡ್ ಬಿಡುತ್ತಾರೆ. ಆಮೇಲೆ 5 ದಿನ ಬಿಸಿಲಿಗೆ ಮೈ ಒಡ್ಡುವ ಹಾಗಿಲ್ಲ, ಚಿಕ್ಕಪ್ಪನಿಗೂ ಹೇಳಿರುತ್ತಾರೆ.

ಕಣ್ಣೊಳಗೆ ಬೆಳಕು ಹೋಗೋಕೆ ಅಡ್ಡಿಯೇ ಇಲ್ಲ. ಚರ್ಮ, ಮಾಂಸ ದಾಟುವಾಗ ಬೇಗ ಕುಂದುತ್ತದೆ. ಬೆರಳಿನ ಗೆಣ್ಣಿಗೆ ಹೇಗೋ ತಲುಪೀತು, ಸೊಂಟದ ಕೀಲಿಗೆ? ಅದೂ ಅಲ್ಲದೆ ರುಮಟಾಯ್ಡ್ ಒಂದು ಕೀಲಿನ ಕಾಯಿಲೆ ಅಲ್ಲ, ಇಡೀ ಮೈಯದ್ದು. ವರ್ಷಗಟ್ಟಲೆ ಔಷಧಿ ಬೇಕು. ಚಿನ್ನದ ಕಣಗಳೋ, ಲಿವರ್‌ನಲ್ಲಿ ತುಂಬಾ ಕಾಲ ಉಳಿದುಬಿಡುತ್ತವೆ. ನನಗೆ ಹೆಚ್ಚು ಚಿಂತೆ ಇದರದ್ದೇ.

ವಿರಾಜಪೇಟೆಯವರೇ, ಅಮ್ಮನಿಗೆ ಬೆಳಗಿನ ಬಿಗಿತ ಒಂದು ಗಂಟೆಗಿಂತ ಜಾಸ್ತಿ ಇರುತ್ತಾ ಗಮನಿಸಿ. ಹಾಗಿದ್ದರೆ ಈಗಿನ ಡೋಸ್ ಸಾಲದೇ ಇರಬಹುದು. ಡೋಸ್ ಹೆಚ್ಚಿಸಬಹುದು, ಇನ್ನೊಂದು ಮಾತ್ರೆ ಸೇರಿಸಲೂಬಹುದು. ಇಎಸ್‌ಆರ್, ಸಿಆರ್‌ಪಿ (ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಗಳು), ಲಿವರ್ ರಿಪೋರ್ಟ್ ಹಿಡಿದುಕೊಂಡು ಅವರನ್ನು ನೋಡುತ್ತಿರುವ ಡಾಕ್ಟರ ಹತ್ತಿರ ಹೋಗಿ. ಬೆಲ್ಟಿನ ದುಡ್ಡು ಅದಕ್ಕಾಗುತ್ತೆ.