ಅಪ್ಪನ ರೋಡ್‌ಕಿಂಗ್ ಹೆಡ್ ಹತ್ರ ಸೋರ್ತಿದೆ, ಹೊಸ ಗ್ಯಾಸ್ಕೆಟ್ ಹಾಕಿದ್ರೂ ನಿಲ್ತಿಲ್ಲ

ತೀರ್ಥಳ್ಳಿ_ರೋಡ್‌ಕಿಂಗ್:
ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಅಪ್ಪ ತಗೊಂಡಿದ್ದ ಯೆಜ್ಡಿ ರೋಡ್‌ಕಿಂಗ್ ಇದೆ, ಎಂಬತ್ತರ ದಶಕದ ಬೈಕು, ಪಾಯಿಂಟ್ ಸೆಟ್ (ಪ್ಲಗ್ಗಿಗೆ ಕಿಡಿ ಕೊಡೋ ಹಳೇ ತರದ ಸ್ವಿಚ್ಚು) ಇರೋದು. ಎಷ್ಟೋ ಮಳೆಗಾಲ ಕೊಟ್ಟಿಗೆ ಮೂಲೇಲಿ ನಿಂತಿತ್ತು, ಹೋದ ಬೇಸಿಗೇಲಿ ಹೊರಗೆ ತೆಗೆದು ಓಡೋ ಹಾಗೆ ಮಾಡಿಸಿದೆ. ಈಗ ಹೆಡ್ಡೂ (ಎಂಜಿನ್ ಮೇಲಿನ ಮುಚ್ಚಳ) ಬ್ಯಾರಲ್ಲೂ (ಸಿಲಿಂಡರ್) ಸೇರೋ ಜಾಗದಲ್ಲಿ ಎಡಗಡೆ ಕಪ್ಪಗೆ ಎಣ್ಣೆ ಜಿನುಗಿ ಫಿನ್ ಮೇಲೆಲ್ಲ ಹರಡ್ತದೆ, ನಿಧಾನಕ್ಕೆ ಕಿಕ್ ಒತ್ತಿದ್ರೆ ಚುಸ್ ಅಂತ ಸದ್ದು ಬೇರೆ ಕೇಳ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಥರ್ಡಲ್ಲಿ ಆರಾಮಾಗಿ ಬರ್ತಿದ್ದ ಜಾಗದಲ್ಲೂ ಈಗ ಸೆಕೆಂಡಿಗೆ ಇಳಿಸ್ಬೇಕು, ಎಳೆಯೋ ಶಕ್ತಿನೇ ಇಲ್ಲ. ಮೆಕ್ಯಾನಿಕ್ಕು ಇವೆರಡರ ಮಧ್ಯೆ ಹೊಸ ತಾಮ್ರದ ಗ್ಯಾಸ್ಕೆಟ್ ಹಾಕಿ ಎರಡೂ ಕಡೆ ಸಿಲಿಕಾನ್ ಪೇಸ್ಟ್ ಮೆತ್ತಿ ಕೂರಿಸಿದ್ರು, ಸ್ವಲ್ಪ ದಿನ ಒಣಗಿತ್ತು, ಮತ್ತೆ ಅದೇ ಕತೆ. ಇನ್ನೂ ಟೈಟ್ ಮಾಡೋಣ ಅಂತಿದಾರೆ, ನಂಗೆ ಸ್ಟಡ್ ತ್ರೆಡ್ ಕಿತ್ಕೊಂಡ್ರೆ ಅಂತ ಭಯ. ಅಪ್ಪಂಗೆ ಈ ಗಾಡಿ ಅಂದ್ರೆ ಜೀವ. ಎಂತ ಮಾಡೋದು ಹೇಳಿ ಮಾರಾಯ್ರೆ.

ಸಾಗರ_ಟೂಸ್ಟ್ರೋಕ್:
ಇನ್ನೂ ಟೈಟ್ ಮಾಡೋದು ಮಾತ್ರ ಬೇಡವೇ ಬೇಡ. ಕೆಳಗೆ ಕ್ರ್ಯಾಂಕ್ ಕೇಸ್ ಅಲ್ಯುಮಿನಿಯಂ, ಅದ್ರ ತ್ರೆಡ್ ಕಿತ್ತು ಬಂದ್ರೆ ಇನ್ಸರ್ಟ್ ಹಾಕಿಸ್ಬೇಕಾಗ್ತದೆ, ಸಣ್ಣ ಕೆಲಸ ಹೋಗಿ ದೊಡ್ಡ ಕೆಲಸ ಆಗ್ತದೆ.

ಹೆಡ್ ಬಿಚ್ಚೋಕೆ ಮುಂಚೆ ಸೋರ್ತಿರೋದು ಅಲ್ಲಿಂದಲೇ ಹೌದಾ ಅಂತ ಗ್ಯಾರಂಟಿ ಮಾಡ್ಕೊಳ್ಳಿ. ಈ ಗಾಡಿಗೆ ಒಂದೇ ಸಿಲಿಂಡರಿಂದ ಎರಡು ಸೈಲೆನ್ಸರ್ ಅಲ್ವಾ, ಆ ಬೆಂಡ್ ಪೈಪ್ ಬ್ಯಾರಲ್ಲಿಗೆ ಸೇರೋ ದೊಡ್ಡ ನಟ್ ಸ್ವಲ್ಪ ಸಡಿಲ ಆದ್ರೂ ಸುಡದ ಆಯಿಲ್ ಹೊರಗೆ ಬಂದು ಗಾಳಿಗೆ ಹಿಂದಕ್ಕೆ ಹಾರಿ ಫಿನ್ ಮೇಲೆ ಕೂರ್ತದೆ, ನೋಡೋರಿಗೆ ಹೆಡ್ಡಿಂದ ಸೋರಿದ ಹಾಗೇ ಕಾಣ್ತದೆ. ಪ್ಲಗ್ ವಾಷರ್ ಹೋದ್ರೂ ಹಾಗೇ. ಅದಕ್ಕೆ ಸೀಮೆಎಣ್ಣೆ ಇಲ್ಲಾ ಪೆಟ್ರೋಲ್ ಹಾಕಿ ಬ್ರಷ್ಷಲ್ಲಿ ಪೂರ್ತಿ ತೊಳೆದು ಒಣಗಿಸಿ, ಎಂಜಿನ್ ತಣ್ಣಗಿದ್ದಾಗ ಜಾಯಿಂಟ್ ಸುತ್ತ ಸೋಪಿನ ನೀರು ಹಚ್ಚಿ, ಪ್ಲಗ್ ಹಾಕೇ ಇರ್ಲಿ, ಕೈಯಲ್ಲಿ ಕಿಕ್ಕರ್ ನಿಧಾನಕ್ಕೆ ಒತ್ತಿ. ಎಲ್ಲಿ ಗುಳ್ಳೆ ಏಳ್ತದೋ ಅಲ್ಲೇ ಲೀಕು. ಇದು ಬುಲೆಟ್ ತರ ಹೆಡ್ಡಲ್ಲಿ ಆಯಿಲ್ ಓಡಾಡೋ ಎಂಜಿನ್ ಅಲ್ಲ, ಟೂ ಸ್ಟ್ರೋಕ್, ಆಯಿಲ್ ಪೆಟ್ರೋಲ್ ಜೊತೆ ಬೆರೆತೇ ಒಳಗೆ ಬರ್ತದೆ, ಹಾಗಾಗಿ ಇಲ್ಲಿ ಎಣ್ಣೆ ಹೊರಗೆ ಬರ್ತಿದೆ ಅಂದ್ರೆ ಜೊತೆಗೆ ಕಂಪ್ರೆಷನ್ನೂ (ಸಿಲಿಂಡರ್ ಒಳಗಿನ ಒತ್ತಡ) ಹೋಗ್ತಿದೆ ಅಂತಲೇ ಅರ್ಥ.

ತೀರ್ಥಳ್ಳಿ_ರೋಡ್‌ಕಿಂಗ್:
ಮಾಡಿ ನೋಡ್ದೆ. ಬೆಂಡ್ ಪೈಪ್ ನಟ್ ಹತ್ರ ಒಣಗಿದೆ, ಪ್ಲಗ್ ಹತ್ರನೂ ಏನಿಲ್ಲ. ಹೆಡ್ ಜಾಯಿಂಟಲ್ಲಿ ಎಡಗಡೆ ಹಿಂದಿನ ಸ್ಟಡ್ ಪಕ್ಕ ಒಂದೇ ಕಡೆ ಗುಳ್ಳೆ ಬರ್ತದೆ, ಚೆನ್ನಾಗೇ ಬರ್ತದೆ. ಹೊಸ ಗ್ಯಾಸ್ಕೆಟ್ಟೇ ಡೂಪ್ಲಿಕೇಟ್ ಇರ್ಬಹುದಾ?

ಲೇತ್_ಶಿವಮೊಗ್ಗ:
ಗ್ಯಾಸ್ಕೆಟ್ ಬಗ್ಗೆ ಆಮೇಲೆ ನೋಡೋಣ ಸರ್. ಒಂದೇ ಜಾಗದಲ್ಲಿ ಸೋರ್ತಿದೆ, ಹೊಸದು ಹಾಕಿದ್ರೂ ಅಲ್ಲೇ ಸೋರ್ತಿದೆ ಅಂದ್ರೆ ಮುಖ ಸಮ ಇಲ್ಲ. ಹೆಡ್ ಅಲ್ಯುಮಿನಿಯಂ, ಬ್ಯಾರಲ್ ಬೀಡು (ಎರಕದ ಕಬ್ಬಿಣ). ಬಿಸಿಗೆ ಅಲ್ಯುಮಿನಿಯಂ ಬೀಡಿನ ಹತ್ರಹತ್ರ ಎರಡರಷ್ಟು ಹಿಗ್ಗುತ್ತೆ, ಅಂದ್ರೆ ಪ್ರತಿ ಸಲ ಎಂಜಿನ್ ಕಾದು ತಣ್ಣಗಾದಾಗ್ಲೂ ಇವೆರಡೂ ಒಂದರ ಮೇಲೊಂದು ಕೂದಲೆಳೆಯಷ್ಟು ಜಾರ್ತಾನೇ ಇರ್ತವೆ. ಅದನ್ನ ತಡ್ಕೊಳ್ಳೋಕೆ ಗ್ಯಾಸ್ಕೆಟ್ ಮೆತ್ತಗಿರ್ಬೇಕು, ಎರಡೂ ಮುಖ ಕನ್ನಡಿ ತರ ಇರ್ಬೇಕು. ನಿಮ್ಮದು ನಮ್ ಮಲ್ನಾಡ್ ಮಳೇಲಿ ವರ್ಷಗಟ್ಲೆ ನಿಂತ ಗಾಡಿ, ಬೀಡಿನ ಮುಖದಲ್ಲಿ ತುಕ್ಕು ತಿಂದು ಗುಳಿ ಬಿದ್ದಿರೋ ಸಾಧ್ಯತೆನೇ ಜಾಸ್ತಿ. ಅದ್ರ ಮೇಲೆ ಯಾರೋ ಒಂದು ಮೂಲೆ ಜಾಸ್ತಿ ಬಿಗಿದ್ರೆ ಹೆಡ್ಡೂ ಬಾಗಿರುತ್ತೆ.

ಪೂರ್ತಿ ತಣ್ಣಗಾದ ಮೇಲೇ ಬಿಚ್ಚಿ, ಎದುರುಬದುರು ನಟ್ ಸ್ವಲ್ಪ ಸ್ವಲ್ಪ ಸಡಿಲ ಮಾಡ್ಕೊಂಡು ಹೋಗಿ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಫಿನ್ ಮುರಿಯುತ್ತೆ, ಮುಖಕ್ಕೆ ಗೀರು ಬೀಳುತ್ತೆ, ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟಿ. ಸಿಲಿಕಾನ್ ಪೂರ್ತಿ ಕೆರೆದು ತೆಗೀರಿ, ಪೆಟ್ರೋಲ್ ತಾಗಿದ್ರೆ ಅದು ಉಬ್ಬಿ ಮೆತ್ತಗಾಗುತ್ತೆ, ಟೂ ಸ್ಟ್ರೋಕ್ ಹೆಡ್ಡಿಗೆ ಅದ್ರಿಂದ ಏನೂ ಉಪಯೋಗ ಇಲ್ಲ. ಆಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಎಲೆಗಳು) ತೂರಿಸಿ ನೋಡಿ, 0.05 ಮಿಮೀ ಎಲೆ ಒಳಗೆ ಹೋದ್ರೆ ಕೆಲಸ ಇದೆ ಅಂತ.

ಹೆಡ್ಡನ್ನ ಮನೇಲೇ ಸರಿ ಮಾಡ್ಬಹುದು. ದಪ್ಪ ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್ ಇಟ್ಟು, ಹೆಡ್ ಮುಖಕ್ಕೆ ಮಾರ್ಕರಲ್ಲಿ ಗೀಟು ಹಾಕಿ, ನೀರು ಬಿಟ್ಕೊಂಡು ಎಂಟರ ಆಕಾರದಲ್ಲಿ ಉಜ್ಜಿ, ಒತ್ತಬಾರದು, ಆಗಾಗ ಹೆಡ್ ತಿರುಗಿಸ್ತಾ ಇರಿ, ಗೀಟು ಎಲ್ಲಾ ಕಡೆ ಒಟ್ಟಿಗೆ ಹೋಗ್ಬೇಕು. ಬ್ಯಾರಲ್ ಮುಖದಲ್ಲಿ ಗುಳಿ ಇದ್ರೆ ಮಾತ್ರ ಕೈಯಲ್ಲಿ ಮಾಡೋಕೆ ಹೋಗ್ಬೇಡಿ, ಲೇತಿಗೆ ಕೊಡಿ. ಮೇಲ್ಗಡೆ ಮುಖ ತೆಗೆದ್ರೆ ಪೋರ್ಟ್ (ಬ್ಯಾರಲ್ ಗೋಡೇಲಿ ಗ್ಯಾಸ್ ಹೋಗಿ ಬರೋ ತೂತು) ಎತ್ತರ ಬದಲಾಗಲ್ಲ, ಕಂಪ್ರೆಷನ್ ಮಾತ್ರ ಏರುತ್ತೆ, ಹಾಗಾಗಿ ಗುಳಿ ಹೋಗೋವಷ್ಟೇ ತೆಗೀಬೇಕು. ಜೋಡಿಸಿದ ಮೇಲೆ ಪ್ಲಗ್ ತೂತಿಂದ ಮೆತ್ತನೆ ಸೀಸದ ತಂತಿ ಬಿಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ತೆಗೆದು ನೋಡಿದ್ರೆ ಪಿಸ್ಟನ್ ಹೆಡ್ಡಿಗೆ ಎಷ್ಟು ಹತ್ರ ಬರ್ತಿದೆ ಗೊತ್ತಾಗುತ್ತೆ.

ಕೊಪ್ಪ_ಹಳೇಗಾಡಿ:
ಲೇತ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ, ತಾಮ್ರದ ವಿಷಯ ನಾನು ಸೇರಿಸ್ತೀನಿ. ತಾಮ್ರ ಒಂದ್ಸಲ ಒತ್ತಿಸ್ಕೊಂಡ್ರೆ ಗಟ್ಟಿ ಆಗ್ತದೆ, ಅಂಗಡಿಯಿಂದ ತಂದ ಹೊಸದೂ ಪ್ರೆಸ್ಸಲ್ಲಿ ಕತ್ತರಿಸಿರೋದ್ರಿಂದ ಗಟ್ಟಿಯಾಗೇ ಇರ್ಬಹುದು. ಹಾಕೋಕೆ ಮುಂಚೆ ಕಾಯಿಸ್ಲೇಬೇಕು. ಸಂಜೆ ಹೊತ್ತು ಮಬ್ಬು ಬೆಳಕಲ್ಲಿ ಮಾಡಿ, ಬಿಸಿಲಲ್ಲಿ ಬಣ್ಣ ಕಾಣಲ್ಲ. ಇಕ್ಕಳದಲ್ಲಿ ಹಿಡಿದು ಬ್ಲೋ ಲ್ಯಾಂಪಲ್ಲಿ ಸುತ್ತಲೂ ಮಂಕು ಕೆಂಪು ಬರೋ ತನಕ ಕಾಯಿಸಿ ನೀರಿಗೆ ಬಿಡಿ. ಉಕ್ಕಿನ ತರ ನೀರಿಗೆ ಹಾಕಿದ್ರೆ ಗಟ್ಟಿ ಆಗೋ ಲೋಹ ಅಲ್ಲ ಇದು, ಮೆತ್ತಗೇ ಇರ್ತದೆ, ತಾನಾಗಿ ಆರಿದ್ರೂ ಅಷ್ಟೇ. ಮೇಲೆ ಕಟ್ಟೋ ಕಪ್ಪು ಪದರ ಹುಣಸೆಹಣ್ಣೋ ಉಪ್ಪಾಗೆ ಹುಳಿಯೋ ಉಪ್ಪು ಹಾಕಿ ಉಜ್ಜಿದ್ರೆ ಹೋಗ್ತದೆ. ಅಲ್ಯುಮಿನಿಯಂ ಗ್ಯಾಸ್ಕೆಟ್ ಇರೋರು ದಯವಿಟ್ಟು ಹೀಗೆ ಬೆಂಕಿಗೆ ಹಿಡೀಬೇಡಿ, 660 ಡಿಗ್ರಿಗೆ ಕರಗೋ ಲೋಹ ಅದು, ಕೆಂಪಾಗಲಿ ಅಂತ ಕಾಯ್ತಾ ಕೂತ್ರೆ ಕೈಯಲ್ಲೇ ಕರಗಿ ಬೀಳ್ತದೆ.

ಈ ಗಾಡಿ ಮಾಡ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿದ್ದು, ಆಮೇಲೆ ಬಂದ ಪಾರ್ಟ್ಸಲ್ಲಿ ದಪ್ಪ ಒಂದೊಂದು ತರ ಇರ್ತದೆ, ಹಳೇದರ ಜೊತೆ ವರ್ನಿಯರಲ್ಲಿ ಅಳೆದು ನೋಡೇ ತಗೊಳ್ಳಿ.

ತೀರ್ಥಳ್ಳಿ_ರೋಡ್‌ಕಿಂಗ್:
ಎಷ್ಟು ವಿವರವಾಗಿ ಹೇಳಿದ್ರಿ, ತುಂಬಾ ಉಪಕಾರ ಆಯ್ತು. ಇನ್ನೊಂದು, ಘಾಟಿ ಹತ್ತಿದ ಮೇಲೆ ಎಂಜಿನ್ ವಿಪರೀತ ಕಾದಿರ್ತದೆ, ಗ್ಯಾಸ್ಕೆಟ್ ಹೋಗೋಕೆ ಅದೂ ಕಾರಣನಾ?

ಸಾಗರ_ಟೂಸ್ಟ್ರೋಕ್:
ಖಂಡಿತ. ಅದನ್ನ ಹಾಗೇ ಬಿಟ್ರೆ ಹೊಸ ಕೆಲಸನೂ ಬಾಳಲ್ಲ. ಪಾಯಿಂಟ್ ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆಗಿದ್ರೆ, ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟಿದ್ರೆ ಕಾಯ್ತದೆ. ಇವೆಲ್ಲಕ್ಕಿಂತ ಹೆದರ್ಬೇಕಾಗಿದ್ದು ಬ್ಯಾರಲ್ಲೂ ಕ್ರ್ಯಾಂಕ್ ಕೇಸೂ ಸೇರೋ ಕಡೆ ಇರೋ ಬೇಸ್ ಗ್ಯಾಸ್ಕೆಟ್ಟಿಗೆ. ಹೆಡ್ ಲೀಕ್ ಆದ್ರೆ ಬರೀ ಶಕ್ತಿ ಹೋಗ್ತದೆ, ಬೇಸ್ ಗ್ಯಾಸ್ಕೆಟ್ಟೋ ಕ್ರ್ಯಾಂಕ್ ಆಯಿಲ್ ಸೀಲೋ ಹೋದ್ರೆ ಎಂಜಿನ್ ಹೊರಗಿನ ಗಾಳಿ ಎಳೀತದೆ, ಪೆಟ್ರೋಲ್ ಜೊತೆ ಬರೋ ಆಯಿಲ್ಲೂ ಕಮ್ಮಿ ಆಗಿ ಪಿಸ್ಟನ್ ಹಿಡ್ಕೊಳ್ತದೆ. ಪ್ಲಗ್ ಬಿಳಿಚ್ಕೊಂಡಿದ್ರೆ, ಆಕ್ಸಿಲರೇಟರ್ ಬಿಟ್ರೂ ರೇಸ್ ಇಳೀದಿದ್ರೆ ಘಾಟಿ ಕಡೆ ಹೋಗ್ಲೇಬೇಡಿ. ಹೆಡ್ ತೆಗೆದಾಗ ಬ್ಯಾರಲ್ ಒಂಚೂರು ಅಲ್ಲಾಡಿದ್ರೂ ಬೇಸ್ ಗ್ಯಾಸ್ಕೆಟ್ ಹೊಸದೇ ಹಾಕಿ.

ಲೇತ್_ಶಿವಮೊಗ್ಗ:
ಬಿಗಿಯುವಾಗ ಟಾರ್ಕ್ ರೆಂಚೇ ಬಳಸಿ, ಎದುರುಬದುರು ಮೂಲೆ, ಮೂರು ಸುತ್ತಲ್ಲಿ. ಒಂದ್ಸಲ ಚೆನ್ನಾಗಿ ಬಿಸಿ ಮಾಡಿ ರಾತ್ರಿಯೆಲ್ಲ ಆರಲು ಬಿಟ್ಟು ಬೆಳಿಗ್ಗೆ ತಣ್ಣಗಿದ್ದಾಗ ಮತ್ತೆ ಅದೇ ಲೆಕ್ಕಕ್ಕೆ ಬಿಗೀರಿ, ತಾಮ್ರ ಕೂತ್ಕೊಂಡಿರುತ್ತೆ, ನಟ್ ಸ್ವಲ್ಪ ತಿರುಗೇ ತಿರುಗುತ್ತೆ. ಲೇತ್ ಕೆಲಸಕ್ಕೆ ಶಿವಮೊಗ್ಗಕ್ಕೆ ಬರೋದಾದ್ರೆ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ, ಹೆಡ್ಡು ಬ್ಯಾರಲ್ಲು ಎರಡೂ ತನ್ನಿ, ಈಗಿರೋ ಗ್ಯಾಸ್ಕೆಟ್ಟನ್ನೂ ಬಿಸಾಡ್ದೆ ತನ್ನಿ. ಗ್ಯಾಸ್ ಎಲ್ಲಿಂದ ನುಸುಳ್ತಿತ್ತು ಅಂತ ಅದ್ರ ಮೇಲೆ ಕಪ್ಪು ಗೆರೆ ಬಿದ್ದಿರುತ್ತೆ, ಅದನ್ನ ಮುಖದ ಮೇಲಿಟ್ಟು ನೋಡಿದ್ರೆ ಎಲ್ಲಿ ತೆಗೀಬೇಕು ಅಂತ ತಕ್ಷಣ ಗೊತ್ತಾಗುತ್ತೆ.