ಗುರುತಿಡು, ಎತ್ತಿಡು, ಕಾಪಿಡು: ಬುಕ್‌ಮಾರ್ಕ್ ಆ್ಯಪ್‌ಗಳ ಬಗ್ಗೆ ಬರೆಯುವಾಗ ಈ ಪದಗಳು ನಿಲ್ಲುತ್ತವೆಯೇ?

ನಮಸ್ಕಾರ. ವೆಬ್ ಪುಟಗಳ ಕೊಂಡಿಗಳನ್ನು ಕೂಡಿಟ್ಟುಕೊಳ್ಳುವ ಆ್ಯಪ್‌ಗಳನ್ನು ಹೋಲಿಸಿ ಒಂದು ಬರಹ ಬರೆಯುತ್ತಿದ್ದೇನೆ. ರೇನ್‌ಡ್ರಾಪ್, ಪಿನ್‌ಬೋರ್ಡ್, ಇನ್‌ಸ್ಟಾಪೇಪರ್, ಲಿಂಕ್‌ಡಿಂಗ್, ಲಿಂಕ್‌ವಾರ್ಡನ್, ಜೊತೆಗೆ ಬ್ರೌಸರಿನಲ್ಲೇ ಇರುವ ಸೌಲಭ್ಯ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಬುಕ್‌ಮಾರ್ಕ್ ಅನ್ನುವ ಹೆಸರಿನಿಂದ ನನಗೆ ತೊಂದರೆ ಇಲ್ಲ. ಫೈರ್‌ಫಾಕ್ಸ್‌ನ ಕನ್ನಡ ಆವೃತ್ತಿಯಲ್ಲಿ ಪುಟಗುರುತು ಅಂತಿದೆ, ಚೆನ್ನಾಗಿಯೇ ಇದೆ. ಬುಕ್‌ಮಾರ್ಕ್ ಅಂದರೂ ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲೂ ಇದಕ್ಕೆ ಒಂದೇ ಹೆಸರು ಇರಲಿಲ್ಲ ಅಲ್ವಾ? ಮೊಸಾಯಿಕ್ ಬ್ರೌಸರಿನಲ್ಲಿ ಹಾಟ್‌ಲಿಸ್ಟ್ ಇತ್ತು, ನೆಟ್‌ಸ್ಕೇಪಿನಲ್ಲಿ ಬುಕ್‌ಮಾರ್ಕ್, ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಫೇವರಿಟ್ಸ್.

ಕಷ್ಟ ಇರುವುದು ಕ್ರಿಯಾಪದದಲ್ಲಿ. ಎಲ್ಲಾ ಆ್ಯಪ್‌ಗಳಿಗೂ ಸುಮ್ನೆ "ಸೇವ್ ಮಾಡುತ್ತದೆ" ಅಥವಾ "ಉಳಿಸುತ್ತದೆ" ಅಂತ ಬರೆದುಬಿಟ್ಟರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ, ಯಾಕಂದ್ರೆ ಅವು ಮಾಡುವ ಕೆಲಸ ಬೇರೆ ಬೇರೆ. ಬ್ರೌಸರಿನ ಬುಕ್‌ಮಾರ್ಕ್ ವಿಳಾಸ ಮತ್ತು ಶೀರ್ಷಿಕೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇನ್‌ಸ್ಟಾಪೇಪರ್ ಲೇಖನದ ಪಠ್ಯವನ್ನು ಬಿಡಿಸಿಕೊಂಡು ಆಮೇಲೆ ಓದಲು ಕೊಡುತ್ತದೆ. ಲಿಂಕ್‌ವಾರ್ಡನ್ ಪುಟದ ಚಿತ್ರವನ್ನೂ ಪಿಡಿಎಫ್ ಪ್ರತಿಯನ್ನೂ ತೆಗೆದು ಇಡುತ್ತದೆ, ಮೂಲ ಪುಟ ನಾಳೆ ಅಳಿಸಿಹೋದರೂ ನಮ್ಮ ಹತ್ತಿರ ಒಂದು ಪ್ರತಿ ಇರಲಿ ಅಂತ. ಇದು ಓದುಗರಿಗೆ ನಿಜಕ್ಕೂ ಮುಖ್ಯ. "ಉಳಿಸಿದೆ" ಅಂತ ಓದಿದವರು ಪುಟವೇ ಉಳಿಯಿತು ಅಂದುಕೊಳ್ಳುತ್ತಾರೆ. ಎರಡು ವರ್ಷ ಬಿಟ್ಟು ಕೊಂಡಿ ಒತ್ತಿದರೆ ಅಲ್ಲಿ ಪುಟವೇ ಇರುವುದಿಲ್ಲ.

ನಾನು ಯೋಚಿಸಿರುವುದು ಹೀಗೆ. ವಿಳಾಸ ಮಾತ್ರ ಇಟ್ಟುಕೊಂಡರೆ ಗುರುತಿಡು. ಆಮೇಲೆ ಓದೋಣ ಅಂತ ಇಟ್ಟರೆ ಎತ್ತಿಡು. ಪುಟದ ಪ್ರತಿಯನ್ನೇ ಇಟ್ಟರೆ ಕಾಪಿಡು. "ಇಡು" ಮೂರರಲ್ಲೂ ಇರುವುದರಿಂದ ಇವು ಒಂದೇ ಮನೆಯವು ಅಂತ ಕಿವಿಗೆ ತಿಳಿಯುತ್ತದೆ, ಆದರೆ ಅರ್ಥ ಕಲಸಿಹೋಗುವುದಿಲ್ಲ. ಎತ್ತಿಡು ಬಗ್ಗೆ ನನಗೆ ಅನುಮಾನವೇ ಇಲ್ಲ, ಅದು ದಿನಬಳಕೆಯ ಮಾತು. ಕಾಪಿಡು ಮಾತಿನಲ್ಲಿ ಕೇಳುವುದು ಕಡಿಮೆ, ಬರಹದಲ್ಲೇ ಜಾಸ್ತಿ. ಕೆಲವರು ಅದನ್ನು "ಕಾಪಿ ಇಡು" ಅಂತ ಕೇಳಿಸಿಕೊಳ್ಳಬಹುದು. ಇಲ್ಲಿ ಅರ್ಥ ಹೇಗೂ ಅದೇ ಆಗುವುದರಿಂದ ಅದೂ ಒಳ್ಳೆಯದೇ ಅಂತ ನನಗೆ ಅನಿಸುತ್ತದೆ. ನಿಮಗೆ ಇದು ಸರಿ ಕಾಣುತ್ತದೆಯೇ? ಅಥವಾ "ಪ್ರತಿ ತೆಗೆದಿಡು" ಅಂತ ಬಿಡಿಸಿ ಬರೆಯಲೇ?

ಇನ್ನೊಂದು ತೊಡಕಿನ ಪದ ಟ್ಯಾಗ್, ಅಂದರೆ ಕೊಂಡಿಯ ವಿಷಯ ತಿಳಿಯಲು ಅದಕ್ಕೆ ಅಂಟಿಸುವ ಚಿಕ್ಕ ಪದ. 2003ರಲ್ಲಿ ಶುರುವಾದ ಕೊಂಡಿ ಕೂಡಿಡುವ ತಾಣ ಡೆಲಿಷಿಯಸ್‌ನಿಂದ ಈ ಪದ್ಧತಿ ಜನರಿಗೆ ಚೆನ್ನಾಗಿ ಪರಿಚಯವಾಯಿತು. ಫೋಲ್ಡರಿನಲ್ಲಿ ಒಂದು ಕೊಂಡಿಗೆ ಒಂದೇ ಜಾಗ, ಟ್ಯಾಗ್ ಆದರೆ ಒಂದೇ ಕೊಂಡಿಗೆ ಎಷ್ಟು ಬೇಕಾದರೂ ಹಾಕಬಹುದು. ಕ್ರೋಮ್ ಬ್ರೌಸರಿನ ಬುಕ್‌ಮಾರ್ಕಿನಲ್ಲಿ ಫೋಲ್ಡರ್ ಮಾತ್ರ, ಫೈರ್‌ಫಾಕ್ಸಿನಲ್ಲಿ ಎರಡೂ ಇವೆ. ಟ್ಯಾಗ್‌ಗೆ ಗುರುತು ಅನ್ನೋಣ ಅಂದರೆ ಪುಟಗುರುತಿಗೆ ಡಿಕ್ಕಿ ಹೊಡೆಯುತ್ತದೆ. ಪಟ್ಟಿ ಅಂದರೆ ಲಿಸ್ಟ್ ಅಂತ ಓದುತ್ತಾರೆ. ಹಣೆಪಟ್ಟಿ ಅರ್ಥಕ್ಕೆ ಹತ್ತಿರ ಇದೆ, ಆದರೆ ಯಾರಿಗಾದರೂ ಹಣೆಪಟ್ಟಿ ಕಟ್ಟಿದರು ಅಂದರೆ ಕೆಟ್ಟ ಹೆಸರು ಅಂಟಿಸಿದರು ಅಂತಲೇ ತಾನೇ? ಆ ವಾಸನೆ ಇಲ್ಲಿ ಬೇಡ. ಚೀಟಿ ನನಗೆ ಇಷ್ಟ. "ಈ ಕೊಂಡಿಗೆ ವಿಜ್ಞಾನ, ಮಕ್ಕಳು ಅನ್ನುವ ಎರಡು ಚೀಟಿ ಅಂಟಿಸಿ" ಅಂತ ಬರೆದರೆ ಯಾರಿಗೂ ವಿವರಿಸಬೇಕಾಗಿಲ್ಲ.

ಕನ್ನಡದಲ್ಲೇ ಟ್ಯಾಗ್ ಹಾಕುವವರಿಗೆ ಬೇರೆ ತೊಡಕುಗಳೂ ಇವೆ, ಆ್ಯಪ್ ಆರಿಸುವಾಗ ಇವನ್ನು ನೋಡಲೇಬೇಕು. ಪಿನ್‌ಬೋರ್ಡ್, ಲಿಂಕ್‌ಡಿಂಗ್ ಎರಡರಲ್ಲೂ ಟ್ಯಾಗ್‌ಗಳ ನಡುವೆ ಖಾಲಿ ಜಾಗವೇ ಗಡಿ. "ಮಕ್ಕಳ ಕತೆ" ಅಂತ ಹಾಕಿದರೆ ಎರಡು ಟ್ಯಾಗ್ ಆಗಿಬಿಡುತ್ತದೆ. ಫೈರ್‌ಫಾಕ್ಸಿನಲ್ಲಿ ಅಲ್ಪವಿರಾಮ ಗಡಿ, ಹಾಗಾಗಿ ಅಲ್ಲಿ ಈ ತೊಂದರೆ ಇಲ್ಲ. ಹಾಡು, ಹಾಡುಗಳು ಬೇರೆ ಬೇರೆ ಟ್ಯಾಗ್ ಆಗುತ್ತವೆ. ಆದ್ದರಿಂದ ಏಕವಚನದಲ್ಲೇ ಹಾಕಿ ಅಂತ ನಾನು ಬರೆಯುತ್ತಿದ್ದೇನೆ. ಬ್ಲಾಗ್ ತರಹದ ಪದದ ಕೊನೆಯಲ್ಲಿ ಕೆಲವು ಕೀಬೋರ್ಡ್‌ಗಳಿಂದ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡರೆ ಇನ್ನೂ ಕಷ್ಟ. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದಾಗ ಅರ್ಧ ಕೊಂಡಿಗಳು ಸಿಗುವುದೇ ಇಲ್ಲ.

ಕೊನೆಯದು ಎಕ್ಸ್‌ಪೋರ್ಟ್. ಇದಕ್ಕೆ ನನ್ನ ಬಳಿ ಒಳ್ಳೆಯ ಪದವೇ ಇಲ್ಲ. ಆಮೇಲೆ ಓದಲು ಕೊಂಡಿ ಎತ್ತಿಡುವ ಆ್ಯಪ್‌ಗಳಲ್ಲಿ ಪಾಕೆಟ್ 2025ರ ಜುಲೈನಲ್ಲಿ ನಿಂತುಹೋಯಿತು, ಓಮ್ನಿವೋರ್ ಅದಕ್ಕೂ ಮುಂಚೆ, 2024ರಲ್ಲೇ. ಹಾಗಾಗಿ ನಮ್ಮ ಕೊಂಡಿಗಳನ್ನೆಲ್ಲ ಒಂದು ಕಡತವಾಗಿ ಪಡೆಯಲು ಬರುತ್ತದೆಯೇ ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ. ರಫ್ತು ಅಂದರೆ ಹಡಗಿನಲ್ಲಿ ಸರಕು ಹೋಗುವ ಹಾಗೆ ಕೇಳಿಸುತ್ತದೆ. "ಹೊರತೆಗೆಯಿರಿ" ಅಂದರೆ ಆ್ಯಪ್‌ನಿಂದಲೇ ಅಳಿಸಿಹೋಗುತ್ತದೇನೋ ಅಂತ ಹೆದರಿ ಕೆಲವರು ಒತ್ತದೇ ಬಿಡಬಹುದು. ಸದ್ಯಕ್ಕೆ "ಎಲ್ಲಾ ಕೊಂಡಿಗಳ ಪ್ರತಿ ಇಳಿಸಿಕೊಳ್ಳಿ" ಅಂತ ಉದ್ದಕ್ಕೆ ಬರೆದಿದ್ದೇನೆ. ಒಂದು ಗುಂಡಿಯ ಮೇಲೆ ಕೂರುವಷ್ಟು ಚಿಕ್ಕ ಪದ ಯಾರಿಗಾದರೂ ಹೊಳೆದರೆ ತಿಳಿಸಿ, ಆಗುವುದಾದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.